ಕೀರ್ತನೆ 74ರಲ್ಲಿ ತಲೆ ಜಜ್ಜಿಸಿಕೊಂಡ ಲಿವ್ಯಾತಾನ 104ರಲ್ಲಿ ಆಡುತ್ತಿರುವುದು ಹೇಗೆ?

ಪದಸಾಲು
ಬೈಬಲಿನ ಕೀರ್ತನೆ 74:14ರ ಪ್ರಕಾರ ದೇವರು ಲಿವ್ಯಾತಾನ ಎಂಬ ಕಡಲ ಸರ್ಪದ ತಲೆಗಳನ್ನು ಜಜ್ಜಿ, ಅದರ ಹೆಣವನ್ನು ಮರುಭೂಮಿಯ ಜೀವಿಗಳಿಗೆ ತಿನ್ನಲು ಕೊಟ್ಟಾಗಿದೆ. 104:26ರಲ್ಲಿ ಅದೇ ಲಿವ್ಯಾತಾನ ಹಡಗುಗಳು ಓಡಾಡುವ ಕಡಲಲ್ಲಿ ಆಡಿಕೊಂಡಿದೆ. ಆಡಲೆಂದೇ ದೇವರು ಅದನ್ನು ರೂಪಿಸಿದ್ದಾನೆ. ಯೆಶಾಯ 27:1ಕ್ಕೆ ಬಂದರೆ ಕೊಲ್ಲುವ ಕೆಲಸ ಇನ್ನೂ ಬಾಕಿ: "ಆ ದಿನ" ಯೆಹೋವನು ಕಠಿಣವಾದ, ದೊಡ್ಡದಾದ, ಬಲವಾದ ಕತ್ತಿಯಿಂದ ಅದನ್ನು ದಂಡಿಸುವನು. ಒಂದು ಕಡೆ ಸತ್ತಿದೆ, ಇನ್ನೊಂದು ಕಡೆ ಆಡುತ್ತಿದೆ, ಮತ್ತೊಂದು ಕಡೆ ಸಾಯಲಿದೆ. ಮೂರನ್ನೂ ಒಂದೇ ಕಥೆಯ ಹಿಂದುಮುಂದಾಗಿ ಜೋಡಿಸಲು ಹೋದರೆ ಜೋಡಣೆಯಾಗುವುದಿಲ್ಲ. "ಬೇರೆ ಬೇರೆ ಕವಿಗಳು, ಬೇರೆ ಬೇರೆ ನಂಬಿಕೆ" ಎಂದು ಕೈತೊಳೆದುಕೊಳ್ಳುವುದೂ ಸರಿ ಕಾಣುತ್ತಿಲ್ಲ. ಹೀಬ್ರೂ ಬಲ್ಲವರು, ಸಿರಿಯಾದ ಪ್ರಾಚೀನ ಪಟ್ಟಣ ಉಗಾರಿತ್‌ನ ಮಣ್ಣಿನ ಫಲಕಗಳನ್ನು ಓದಿದವರು ಹೇಳಿ: ಇಂಥ ಭಾಗಗಳನ್ನು ಓದಲು ಕೂತಾಗ ಮೊದಲು ಏನನ್ನು ಗುರುತು ಹಾಕಿಕೊಳ್ಳಬೇಕು?

ಮಣ್ಣಹಲಗೆ
ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ಮೊದಲು ಗುರುತು ಹಾಕಿ. ಪ್ರಾಣಿಯ ವಿಚಾರಕ್ಕೆ ಆಮೇಲೆ ಬನ್ನಿ.

74ರಲ್ಲಿ ಒಟ್ಟು 23 ವಚನ. 1ರಿಂದ 11ರವರೆಗೆ ಗೋಳು. ವೈರಿಗಳು ಆಲಯದ ಕೆತ್ತನೆಯ ಮರಗೆಲಸವನ್ನು ಕೊಡಲಿ ಸುತ್ತಿಗೆಗಳಿಂದ ಒಡೆದಿದ್ದಾರೆ, ಬೆಂಕಿ ಇಟ್ಟಿದ್ದಾರೆ, ಪ್ರವಾದಿ ಒಬ್ಬನೂ ಉಳಿದಿಲ್ಲ, ಇದು ಎಲ್ಲಿಯ ತನಕ ಎಂದು ಬಲ್ಲವರಿಲ್ಲ. ಹೆಚ್ಚಿನ ವಿದ್ವಾಂಸರು ಇದನ್ನು ಬಾಬಿಲೋನಿನವರು ಯೆರೂಸಲೇಮಿನ ಆಲಯವನ್ನು ಸುಟ್ಟ ಕ್ರಿ.ಪೂ. 587/586ರ ಘಟನೆಗೆ ಜೋಡಿಸುತ್ತಾರೆ. 12ರಲ್ಲಿ ದನಿ ಥಟ್ಟನೆ ತಿರುಗುತ್ತದೆ: ದೇವರು ಪುರಾತನ ಕಾಲದಿಂದ ನನ್ನ ಅರಸ. ಅಲ್ಲಿಂದ 17ರವರೆಗೆ "ಅತ್ತಾ", ಅಂದರೆ "ನೀನು", ಏಳು ಸಲ ಬರುತ್ತದೆ: 13ರಲ್ಲಿ ಒಂದು, 14ರಲ್ಲಿ ಒಂದು, 15ರಲ್ಲಿ ಎರಡು, 16ರಲ್ಲಿ ಒಂದು, 17ರಲ್ಲಿ ಎರಡು. ಕನ್ನಡದ "ಬಂದಿರಿ"ಯಲ್ಲಿ "ನೀವು" ಅಡಗಿರುವಂತೆ ಹೀಬ್ರೂ ಕ್ರಿಯಾಪದದಲ್ಲೂ ಕರ್ತೃ ಅಡಗಿರುತ್ತದೆ. ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಆದರೂ ಏಳು ಸಲ ಬಿಡಿಸಿ ಹೇಳಿದ್ದಾನೆಂದರೆ ಕವಿ ದೇವರ ಕಡೆಗೆ ಬೆರಳು ಮಾಡಿ ತೋರಿಸುತ್ತಿದ್ದಾನೆ: ಕಡಲನ್ನು ಸೀಳಿದವನು ನೀನು, ಲಿವ್ಯಾತಾನನ ತಲೆಗಳನ್ನು ಜಜ್ಜಿದವನು ನೀನು, ಬೇಸಿಗೆ ಚಳಿಗಾಲಗಳನ್ನು ಮಾಡಿದವನು ನೀನು.

18ರಿಂದ ಒತ್ತಾಯ ಶುರು. ನೆನಪಿಸಿಕೋ (18), ಒಡಂಬಡಿಕೆಯ ಕಡೆ ನೋಡು (20), ಏಳು, ನಿನ್ನ ವ್ಯಾಜ್ಯವನ್ನು ನೀನೇ ನಡೆಸು (22), ಮರೆಯಬೇಡ (23). ಈಗ 13-17ನ್ನು ಮತ್ತೆ ಓದಿ. ಸೃಷ್ಟಿ ಹೇಗಾಯಿತು ಎಂದು ಯಾರಿಗೋ ತಿಳಿಸುವ ಪಾಠ ಅದಲ್ಲ. ಸುಟ್ಟ ಆಲಯದ ಎದುರು ನಿಂತವರು ದೇವರ ಮುಂದಿಡುತ್ತಿರುವ ವಾದ. ಯಾಮ್‌ನನ್ನೇ, ಅಂದರೆ ಕಡಲನ್ನೇ, ಸೀಳಿದವನಿಗೆ ಕೊಡಲಿ ಹಿಡಿದ ಈ ಮಂದಿ ಯಾವ ಲೆಕ್ಕ ಎಂಬ ಒತ್ತಡ ಅದರಲ್ಲಿದೆ. ಇಂಥ ವಾದದಲ್ಲಿ ಲಿವ್ಯಾತಾನ ಸತ್ತಿರಲೇಬೇಕು.

ನೀರೋಟ
ಮಣ್ಣಹಲಗೆ ಅವರೇ, ಒಂದು ತಕರಾರು. 104ರಲ್ಲೂ "ನೀನು" ಇದೆ. "ಜಲರಾಶಿಯನ್ನು ವಸ್ತ್ರದಂತೆ ಭೂಮಿಗೆ ಹೊದಿಸಿದೆ" (6), "ನಿನ್ನ ಗದರಿಕೆಗೆ ನೀರು ಓಡಿತು" (7), "ದಾಟಲಾಗದ ಮೇರೆ ಇಟ್ಟೆ" (9). ಮಧ್ಯಮ ಪುರುಷ ಕಂಡ ಕೂಡಲೇ ಇದು ಗೋಳಿನ ವಾದ ಎಂದುಬಿಟ್ಟರೆ 104 ಎಡವಿಸುತ್ತದೆ. ಅಲ್ಲಿ ಗೋಳೇ ಇಲ್ಲವಲ್ಲ.

ಮಣ್ಣಹಲಗೆ
ಸರಿಯಾದ ತಕರಾರು. "ನೀನು" ಒಂದೇ ಸಾಲದು. ಅದರ ಬೆನ್ನಿಗೆ ದೇವರಿಗೆ ಆಜ್ಞಾರ್ಥಕ ಕ್ರಿಯಾಪದ ಬರುತ್ತದೆಯೇ ಎಂದೂ ನೋಡಬೇಕು. 74ರಲ್ಲಿ ಬರುತ್ತದೆ. 89ರಲ್ಲೂ ಕಡಲಿನ ಭಾಗ ಮುಗಿದು ಬಹಳ ದೂರ ಹೋದ ಮೇಲೆ, 47 ಮತ್ತು 50ರಲ್ಲಿ, ಅದೇ "ನೆನಪಿಸಿಕೋ" ಬರುತ್ತದೆ. 104ರಲ್ಲಿ ದೇವರಿಗೆ ಅಂಥ ಒತ್ತಾಯ ಒಂದೂ ಇಲ್ಲ. ಅಲ್ಲಿನ ಆಜ್ಞೆ ಕವಿ ತನ್ನ ಆತ್ಮಕ್ಕೆ ಹೇಳಿಕೊಂಡದ್ದು, "ಯೆಹೋವನನ್ನು ಕೊಂಡಾಡು". ಒಬ್ಬರು ಎಲ್ಲ ಕುಸಿದ ಜಾಗದಲ್ಲಿ ನಿಂತು ಮಾತಾಡುತ್ತಿದ್ದಾರೆ. ಇನ್ನೊಬ್ಬರು ಎಲ್ಲ ಸರಿಯಾಗಿ ನಡೆಯುತ್ತಿರುವ ಲೋಕವನ್ನು ಒಂದೊಂದಾಗಿ ಎಣಿಸುತ್ತಿದ್ದಾರೆ: ಬುಗ್ಗೆ, ಕಾಡುಕತ್ತೆ, ಕೊಕ್ಕರೆ, ಸಿಂಹದ ಮರಿ, ಸಂಜೆತನಕ ದುಡಿಯುವ ಮನುಷ್ಯ. ಆ ಪಟ್ಟಿಯಲ್ಲಿ ಲಿವ್ಯಾತಾನನಿಗೂ ಒಂದು ಜಾಗ.

ಶಾಸನಪ್ರಿಯ
ಉಗಾರಿತ್ ವಿಚಾರಕ್ಕೆ ಬರುತ್ತೇನೆ. ಇಲ್ಲಿ ಆಗುವ ಎಡವಟ್ಟುಗಳು ಹೆಚ್ಚು, ಹಾಗಾಗಿ ಸ್ವಲ್ಪ ಉದ್ದವಾಗಿಯೇ.

1895ರಲ್ಲಿ ಹರ್ಮನ್ ಗುಂಕೆಲ್ ಈ ಹೀಬ್ರೂ ಭಾಗಗಳನ್ನೆಲ್ಲ ಒಟ್ಟಿಗೆ ಇಟ್ಟು, ಇವುಗಳ ಬೇರು ಬಾಬಿಲೋನಿನ ಎನೂಮಾ ಎಲಿಷ್ ಕಾವ್ಯದಲ್ಲಿದೆ ಎಂದು ವಾದಿಸಿದ. ಅದು ಏಳು ಫಲಕಗಳ ಕಾವ್ಯ; ನಾಲ್ಕನೆಯದರಲ್ಲಿ ಮರ್ದುಕ್ ದೇವರು ಗಾಳಿಗಳನ್ನು ಬಿಟ್ಟು, ಬಾಣ ಹೊಡೆದು, ಕಡಲ ದೇವತೆ ತಿಯಾಮತ್‌ಳನ್ನು ಒಣಮೀನಿನಂತೆ ಎರಡಾಗಿ ಸೀಳಿ ಒಂದು ಹೋಳಿನಿಂದ ಆಕಾಶ ಮಾಡುತ್ತಾನೆ. ಗುಂಕೆಲ್ ಬರೆಯುವಾಗ ಉಗಾರಿತ್ ಇನ್ನೂ ಮಣ್ಣಿನಡಿಯಲ್ಲಿತ್ತು. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ, ಲತಾಕಿಯಾದ ಉತ್ತರಕ್ಕೆ, ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಗೋರಿಯ ಕಲ್ಲು ತಗುಲಿತು. 1929ರಲ್ಲಿ ಕ್ಲೋಡ್ ಶೆಫರ್ ನೇತೃತ್ವದಲ್ಲಿ ರಾಸ್ ಶಮ್ರಾ ದಿಬ್ಬದ, ಅಂದರೆ ಹಳೆಯ ಉಗಾರಿತ್‌ನ, ಉತ್ಖನನ ಶುರುವಾಯಿತು. ಅಲ್ಲಿ ಸಿಕ್ಕಿದ್ದು 30 ಅಕ್ಷರಗಳ ಬೆಣೆಲಿಪಿ. ಮರುವರ್ಷವೇ ಬೌವರ್, ದೋರ್ಮ್, ವಿರೊಲೊ ಅದನ್ನು ಬಿಡಿಸಿದರು. ಭಾಷೆ ಹೀಬ್ರೂವಿನ ಹತ್ತಿರದ ಬಂಧು. ಬಾಳ್ ದೇವರ ಕಾವ್ಯ ಆರು ಫಲಕಗಳಲ್ಲಿದೆ, ಬರೆದ ಲಿಪಿಕಾರ ಇಲಿಮಿಲ್ಕು.

ಎರಡು ಜಾಗ ನೋಡಿದರೆ ಸಾಕು. ಎರಡನೇ ಫಲಕದಲ್ಲಿ ಕೊಥರ್ ಎಂಬ ಕುಶಲಕರ್ಮಿ ದೇವರು ಬಾಳ್‌ಗೆ ಎರಡು ದೊಣ್ಣೆ ಮಾಡಿಕೊಟ್ಟು ಹೆಸರಿಡುತ್ತಾನೆ. ಮೊದಲನೆಯದು "ಯಗ್ರುಷ್", ಅಟ್ಟುವವನು. ಅದರ ಪೆಟ್ಟಿಗೆ ಬಾಳ್‌ನ ಎದುರಾಳಿ, ಕಡಲ ದೇವರು ಯಾಮ್ ಬೀಳುವುದಿಲ್ಲ. ಎರಡನೆಯದು "ಅಯ್ಯಮುರ್", ಅದು ತಲೆಗೆ ಬಡಿದಾಗ ಬೀಳುತ್ತಾನೆ. ಯಾಮ್‌ನ ಬಿರುದು "ರಾಜಕುಮಾರ ಕಡಲು, ನ್ಯಾಯಾಧಿಪತಿ ನದಿ". ಕಡಲು ಮತ್ತು ನದಿ ಎಂಬ ಈ ಜೋಡಿ ಕೀರ್ತನೆ 89:25ರಲ್ಲಿ, ಹಬಕ್ಕೂಕ 3:8ರಲ್ಲಿ ಹಾಗೇ ಇದೆ. ಇನ್ನು ಐದನೇ ಫಲಕದ ಆರಂಭ: ಲೋಟನ್ (ಲಿವ್ಯಾತಾನನ ಉಗಾರಿತ್ ರೂಪ) ಎಂಬ ಓಡುವ ಸರ್ಪ, ಸುರುಳಿ ಸರ್ಪ, ಏಳು ತಲೆಯ ಪ್ರಬಲ. ಯೆಶಾಯ 27:1ರಲ್ಲಿ ಲಿವ್ಯಾತಾನನಿಗೆ ಇರುವ ಎರಡು ವಿಶೇಷಣಗಳು "ಬಾರಿಯಹ್" (ಓಡುವ) ಮತ್ತು "ಅಕಲ್ಲಾತೋನ್" (ಸುರುಳಿ). ಉಗಾರಿತ್‌ನಲ್ಲಿರುವ ವ್ಯಂಜನಗಳು "ಬ್ರ್ಹ್" ಮತ್ತು "ಅಕ್ಲ್ತ್ನ್". ನಡುವೆ ಐದುನೂರು ವರ್ಷಗಳಾದರೂ ಅಂತರವಿದೆ, ವಿಶೇಷಣದ ಜೋಡಿ ಮಾತ್ರ ಚೆದುರಿಲ್ಲ.

ಈಗ ಎಡವಟ್ಟುಗಳು. ಬಾಳ್-ಯಾಮ್ ಕಾಳಗ ಸೃಷ್ಟಿಕಥೆಯಲ್ಲ. ಲೋಕ ಆಗಲೇ ಇದೆ. ಅರಸನಾಗುವವನು ಯಾರು, ಅರಮನೆ ಕಟ್ಟಿಸಿಕೊಳ್ಳುವವನು ಯಾರು ಎಂಬುದೇ ಜಗಳ. ಹಾಗಾಗಿ "ಕಾಳಗ ಇದ್ದಲ್ಲೆಲ್ಲ ಸೃಷ್ಟಿ" ಎಂಬ ಗುಂಕೆಲ್ ಸಮೀಕರಣವನ್ನು ಉಗಾರಿತ್ ಸಡಿಲ ಮಾಡಿತು. ಇನ್ನೊಂದು, 74:14 ಏಳು ತಲೆ ಎಂದು ಹೇಳುವುದಿಲ್ಲ, "ತಲೆಗಳು" ಎನ್ನುತ್ತದೆ ಅಷ್ಟೇ. ಏಳು "ನೀನು" ಏಳು ತಲೆಗೆ ಏಳು ಪೆಟ್ಟು ಎಂದು ಓದುವವರಿದ್ದಾರೆ. ಕೇಳಲು ಚೆನ್ನ, ಆದರೆ ಅದು ಓದುಗರ ಊಹೆ ಎಂದು ತಿಳಿದೇ ಹೇಳಬೇಕು. ಅದೇ ವಚನದ ಕೊನೆಯ ಪದಗಳೂ ತೊಡಕಿನವು. ಇದ್ದಂತೆ ಓದಿದರೆ "ಜನಕ್ಕೆ, ಮರುಭೂಮಿಯವರಿಗೆ". ಅಕ್ಷರಗಳ ನಡುವಿನ ಬಿಡುವನ್ನು ಸರಿಸಿ "ಕಡಲಿನ ಶಾರ್ಕ್‌ಗಳಿಗೆ" ಎಂದು ಓದುವ ಸಲಹೆಯೂ ಇದೆ. ನಾನು ಇದ್ದಂತೆಯೇ ಬಿಡುತ್ತೇನೆ. ನೀರಿನ ಜೀವಿಯ ಹೆಣ ನೀರಿಲ್ಲದ ನೆಲದಲ್ಲಿ ಬಿದ್ದಿದೆ ಎಂಬುದೇ ಸೋಲಿನ ಗುರುತು.

ತೆರೆಸದ್ದು
ಶಾಸನಪ್ರಿಯ ಸರ್, ಆದಿಕಾಂಡ 1:2ರ "ತೆಹೋಮ್" (ಆಳವಾದ ನೀರು) ಎಂಬುದು ತಿಯಾಮತ್‌ಳ ಹೆಸರೇ ಎಂದು ಹಲವು ಕಡೆ ಓದಿದ್ದೇನೆ. ಅದು ನಿಲ್ಲುತ್ತದೆಯೇ?

ಶಾಸನಪ್ರಿಯ
ಎರವಲು ಎಂಬ ವಾದ ನಿಲ್ಲುವುದಿಲ್ಲ, ನಂಟು ಎಂಬುದು ನಿಲ್ಲುತ್ತದೆ. ತಿಯಾಮತ್‌ನಿಂದ ನೇರವಾಗಿ ಬಂದಿದ್ದರೆ ಹೀಬ್ರೂವಿನಲ್ಲಿ ನಡುವೆ "ಹ"ಕಾರ ಬರಲು ದಾರಿಯಿಲ್ಲ, ಕೊನೆಯ ಸ್ತ್ರೀಲಿಂಗದ ಗುರುತೂ ಉಳಿಯಬೇಕಿತ್ತು. ಉಗಾರಿತ್‌ನಲ್ಲೂ "ತ್ಹ್ಮ್" ಇದೆ, ಆಳವಾದ ನೀರು ಎಂಬ ಅರ್ಥದಲ್ಲಿ. ಮೂರೂ ಒಂದೇ ಹಳೆಯ ಸೆಮಿಟಿಕ್ ಪದದ ಮಕ್ಕಳು. ಆದಿಕಾಂಡ 1ರಲ್ಲಿ ತೆಹೋಮ್ ಯಾರೊಂದಿಗೂ ಕಾದಾಡುವುದಿಲ್ಲ. 1:21ರಲ್ಲಿ ದೊಡ್ಡ "ತನ್ನೀನ್"ಗಳನ್ನು, ಅಂದರೆ ಕಡಲ ಸರ್ಪಗಳನ್ನು, ದೇವರು ಸೃಷ್ಟಿಸಿದ ಎನ್ನುವಾಗ 1:1ರ "ಬಾರಾ" ಕ್ರಿಯಾಪದವೇ ಬರುತ್ತದೆ. 74:13ರಲ್ಲಿ ತಲೆ ಒಡೆಸಿಕೊಂಡವೂ ಅದೇ ತನ್ನೀನ್‌ಗಳು. ಆದರೆ ಅದು ಗದ್ಯ, ಈ ಚರ್ಚೆ ಪದ್ಯದ್ದು.

ನೀರೋಟ
ಪದ್ಯ ಎಂದಿರಿ, ಹಾಗಾದರೆ ಸಾಲುಗಳ ಕಟ್ಟಡವನ್ನೂ ನೋಡೋಣ. ಈ ವಸ್ತುವಿನಲ್ಲಿ ಬಳಕೆಯಾಗುವ ಹಳೆಯ ತಂತ್ರ ಮೆಟ್ಟಿಲು ಸಾಲು. ಮೊದಲ ಸಾಲು ಅರ್ಧಕ್ಕೇ ನಿಂತು ದೇವರನ್ನು ಕರೆಯುತ್ತದೆ, ಎರಡನೆಯದು ಅದೇ ಮಾತನ್ನು ಮತ್ತೆ ಹಿಡಿದು ಮುಂದೆ ಒಯ್ಯುತ್ತದೆ, ಮೂರನೆಯದು ಮುಗಿಸುತ್ತದೆ. ಕೊಥರ್ ಬಾಳ್‌ಗೆ ಹೇಳುವುದು:

ಇಗೋ ನಿನ್ನ ವೈರಿ, ಬಾಳ್‌ನೇ,
ಇಗೋ ನಿನ್ನ ವೈರಿಯನ್ನು ಹೊಡೆಯುವೆ,
ಇಗೋ ನಿನ್ನ ಹಗೆಯನ್ನು ಅಳಿಸುವೆ.

ಕೀರ್ತನೆ 92:9:

ಇಗೋ ನಿನ್ನ ವೈರಿಗಳು, ಯೆಹೋವನೇ,
ಇಗೋ ನಿನ್ನ ವೈರಿಗಳು ನಾಶವಾಗುವರು,
ಕೇಡು ಮಾಡುವವರೆಲ್ಲ ಚೆದುರಿಹೋಗುವರು.

ಅಚ್ಚು ಒಂದೇ. 93:3ರಲ್ಲಿ ಅದೇ ಅಚ್ಚಿಗೆ ಕಡಲಿನ ವಸ್ತು ಎರೆದಿದ್ದಾರೆ:

ನದಿಗಳು ಎತ್ತಿವೆ, ಯೆಹೋವನೇ,
ನದಿಗಳು ಎತ್ತಿವೆ ತಮ್ಮ ದನಿಯನ್ನು,
ನದಿಗಳು ಎತ್ತುತ್ತಿವೆ ತಮ್ಮ ಮೊರೆತವನ್ನು.

ಹೀಬ್ರೂವಿನಲ್ಲಿ "ನಾಸೆಊ, ನಾಸೆಊ, ಯಿಸ್‌ಊ". ಮೊದಲೆರಡು ಮುಗಿದ ಕ್ರಿಯೆಯ ರೂಪ, ಮೂರನೆಯದು ಮುಗಿಯದ ಕ್ರಿಯೆಯ ರೂಪ. ಎಷ್ಟೋ ಅನುವಾದಗಳಲ್ಲಿ ಮೂರಕ್ಕೂ ಒಂದೇ ಕಾಲ ಹಾಕಿ ಈ ಏರಿಕೆಯನ್ನು ಸಪಾಟು ಮಾಡಿಬಿಡುತ್ತಾರೆ. ಕವಿತೆಯ ಜೀವ ಇರುವುದೇ ಅಲ್ಲಿ: ನೀರು ಹಿಂದೆಯೂ ಮೊರೆದಿತ್ತು, ಈಗಲೂ ಮೊರೆಯುತ್ತಿದೆ. ಮುಂದೆ 93:4ರಲ್ಲಿ ಕಾಳಗ ಬರಬೇಕಿತ್ತು, ಬರುವುದಿಲ್ಲ. ಬಹುಜಲಗಳ ದನಿಗಿಂತ ಉನ್ನತದಲ್ಲಿರುವ ಯೆಹೋವನು ಬಲಿಷ್ಠ, ಅಷ್ಟೇ. ಐದೇ ವಚನಗಳ ಕವಿತೆ, ಒಂದು ಪೆಟ್ಟೂ ಬೀಳದೆ ಮುಗಿಯುತ್ತದೆ. 29ರಲ್ಲೂ ಹೀಗೇ. "ಯೆಹೋವನ ದನಿ" ಏಳು ಸಲ. ಗುಡುಗು ಕಡಲ ಮೇಲೆ ಹುಟ್ಟಿ ಲೆಬನೋನಿನ ದೇವದಾರುಗಳನ್ನು ಮುರಿದು ಕಾದೇಶಿನ ಅಡವಿಯನ್ನು ನಡುಗಿಸುತ್ತದೆ. ಆದರೆ ಎದುರಾಳಿಯೇ ಇಲ್ಲ.

ತೆರೆಸದ್ದು
ನಮ್ಮ ಓದುಗರಿಗೆ ಇದನ್ನು ಹೇಳುವಾಗ ಇಂದ್ರ-ವೃತ್ರರ ಕಥೆಯನ್ನು ಪಕ್ಕದಲ್ಲಿಡಬಹುದೇ? ಋಗ್ವೇದ 1.32ರಲ್ಲಿ "ಅಹನ್ನಹಿಮನ್ವಪಸ್ತತರ್ದ", ಸರ್ಪವನ್ನು ಕೊಂದು ನೀರನ್ನು ಬಿಡಿಸಿದ ಎಂದಿದೆ. ತ್ವಷ್ಟೃ ಇಂದ್ರನಿಗೆ ವಜ್ರಾಯುಧ ಮಾಡಿಕೊಡುವುದೂ ಅಲ್ಲೇ ಇದೆ. ಕೊಥರ್ ಮಾಡಿದ ದೊಣ್ಣೆಗಳಿಗೆ ಅದು ಬಹಳ ಹತ್ತಿರ.

ಮಣ್ಣಹಲಗೆ
ಇಡಬಹುದು, ವ್ಯತ್ಯಾಸವನ್ನು ಮೊದಲೇ ಹೇಳಿ ಇಡಬೇಕು. ವೃತ್ರ ನೀರನ್ನು ತಡೆಹಿಡಿದವನು. ಅವನನ್ನು ಕೊಂದರೆ ನೀರು ಹರಿಯುತ್ತದೆ. ಹೀಬ್ರೂ ಕವಿತೆಗಳಲ್ಲಿ ನೀರೇ ಮಿತಿಮೀರಿ ನುಗ್ಗುವುದು; ಅದನ್ನು ಹಿಂದಕ್ಕೆ ತಳ್ಳಿದರೆ ನೆಲ ಕಾಣುತ್ತದೆ. 74:15ರಲ್ಲಿ ಮಾತ್ರ ಎರಡೂ ಒಟ್ಟಿಗಿವೆ: ಬುಗ್ಗೆ ಹಳ್ಳಗಳನ್ನು ಸೀಳಿ ತೆರೆದೆ, ಬತ್ತದ ನದಿಗಳನ್ನು ಬತ್ತಿಸಿದೆ. ಆಯುಧ ಮಾಡುವ ಕುಶಲಕರ್ಮಿಯ ವಿಚಾರದಲ್ಲಿ ನೀವು ಹೇಳಿದ ಹೋಲಿಕೆ ಇಂದ್ರ ಮತ್ತು ಬಾಳ್ ನಡುವಿನದು. ಯೆಹೋವನಿಗೆ ಆಯುಧ ಮಾಡಿಕೊಡುವ ಇನ್ನೊಬ್ಬ ದೇವರು ಈ ಕವಿತೆಗಳಲ್ಲಿ ಎಲ್ಲೂ ಇಲ್ಲ. ಕತ್ತಿ ಬಿಲ್ಲುಗಳು ಬಂದರೂ ಅವನವೇ. 104ರಲ್ಲಿ ಗದರಿಕೆಯೊಂದೇ ಸಾಕಾಗಿದೆ.

ಹಳೆಪುಟ
ಕಡಲಿನ ಇನ್ನೊಂದು ದೈತ್ಯಜೀವಿ ರಹಾಬ್ ಬಗ್ಗೆ ಯಾರೂ ಹೇಳಲಿಲ್ಲ. ಯೆರಿಕೋವಿನಲ್ಲಿ ಗೂಢಚಾರರನ್ನು ಅಡಗಿಸಿಟ್ಟ ರಾಹಾಬಳಿಗೂ ಕಡಲಿನ ಈ ರಹಾಬ್‌ಗೂ ಏನೇನೂ ಸಂಬಂಧವಿಲ್ಲ. ಹೀಬ್ರೂವಿನಲ್ಲಿ ನಡುವಿನ ಅಕ್ಷರ ಬೇರೆ: ಕಡಲಿನದಕ್ಕೆ "ಹೇ", ಆಕೆಗೆ ಗಂಟಲಿನ "ಹೆತ್". ಕನ್ನಡಕ್ಕೆ ಬಂದಾಗ ಎರಡೂ "ಹ" ಆಗುವುದರಿಂದ ಗೊಂದಲ. ಪದಸೂಚಿ ಹಿಡಿದು ಹುಡುಕುವವರು ಯೆಹೋಶುವ 2 ಮತ್ತು 6ನ್ನು ಪಕ್ಕಕ್ಕಿಟ್ಟು ಯೋಬ 9:13, 26:12, ಕೀರ್ತನೆ 89:10, ಯೆಶಾಯ 51:9 ನೋಡಲಿ. ಯೆಶಾಯ 30:7, ಕೀರ್ತನೆ 87:4ರಲ್ಲಿ ಅದೇ ಹೆಸರು ಐಗುಪ್ತಕ್ಕೆ ಅಂಟಿದೆ.

ಈ ಅಂಟಿಕೆ ಮುಖ್ಯ. ವಿಮೋಚನಕಾಂಡ 15ರ ಹಾಡಿನಲ್ಲಿ ಕಡಲು ವೈರಿಯಲ್ಲ, ಸಲಕರಣೆ. ವೈರಿ ಫರೋಹ. ಅವನ ಸೈನ್ಯ ಕಲ್ಲಿನಂತೆ (5), ಸೀಸದಂತೆ (10) ಮುಳುಗುತ್ತದೆ. ಕಡಲು ಹೇಳಿದಂತೆ ಕೇಳುತ್ತದೆ. ಯೆಶಾಯ 51:9-10 ಆ ಹಾಡನ್ನೂ ಹಳೆಯ ಕಾಳಗವನ್ನೂ ಹೆಣೆದುಬಿಡುತ್ತದೆ. "ಎಚ್ಚರವಾಗು, ಎಚ್ಚರವಾಗು, ಯೆಹೋವನ ಬಾಹುವೇ! ರಹಾಬನ್ನು ಕಡಿದವಳು ನೀನಲ್ಲವೇ, ತನ್ನೀನ್‌ನನ್ನು ಇರಿದವಳು ನೀನಲ್ಲವೇ?" ಮರುಸಾಲಿನಲ್ಲೇ ಕಡಲನ್ನು ಬತ್ತಿಸಿ ಬಿಡುಗಡೆಯಾದವರಿಗೆ ದಾರಿ ಮಾಡಿದ್ದು. ಇದು ಸೃಷ್ಟಿಯೋ ವಿಮೋಚನೆಯೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಕವಿ ಬೇಕೆಂದೇ ಒಂದರ ಮೇಲೊಂದು ಇಟ್ಟಿದ್ದಾನೆ. ಬಾಬಿಲೋನಿನ ಸೆರೆಯಿಂದ ಮನೆಗೆ ಮರಳುವುದು ಅವನಿಗೆ ಬೇಕಾದ ಮೂರನೆಯ ಪದರ (11).

89ನ್ನು ಈ ದೃಷ್ಟಿಯಿಂದ ನಿಧಾನವಾಗಿ ಓದಿ. 9-10ರಲ್ಲಿ ಯೆಹೋವನು ಕಡಲಿನ ಸೊಕ್ಕನ್ನು ಆಳುತ್ತಾನೆ, ರಹಾಬನ್ನು ಹೆಣದಂತೆ ಜಜ್ಜುತ್ತಾನೆ. 25ರಲ್ಲಿ ದಾವೀದನ ಬಗ್ಗೆ ಹೇಳುತ್ತಾನೆ: ಅವನ ಕೈಯನ್ನು ಕಡಲಿನ ಮೇಲೂ ಬಲಗೈಯನ್ನು ನದಿಗಳ ಮೇಲೂ ಇಡುವೆ. ದೇವರಿಗೆ ಯಾಮ್ ಮತ್ತು ನದಿಯ ಮೇಲಿರುವ ಅಧಿಕಾರವನ್ನು ಅರಸನಿಗೆ ಹಂಚಿಕೊಟ್ಟಂತಾಯಿತು. 38ರಿಂದ ಎಲ್ಲ ಕುಸಿಯುತ್ತದೆ: ನೀನೇ ಅವನನ್ನು ತಳ್ಳಿಬಿಟ್ಟೆ, ಕಿರೀಟವನ್ನು ಮಣ್ಣುಪಾಲು ಮಾಡಿದೆ. 25ನ್ನು ಬಿಟ್ಟು ಓದಿದರೆ 9-10 ಬರೀ ಸ್ತೋತ್ರದಂತೆ ಕಾಣುತ್ತದೆ, 38ರ ಪೆಟ್ಟು ತಾಗುವುದೇ ಇಲ್ಲ. ಆರಾಧನೆಗಳಲ್ಲಿ 18ನೇ ವಚನಕ್ಕೆ ನಿಲ್ಲಿಸುವ ರೂಢಿ ನನಗೆ ಸರಿಬರುವುದಿಲ್ಲ.

ನೀರೋಟ
ಯೋಬನ ಪುಸ್ತಕದಲ್ಲಿ ಮಾತಾಡುವವರು ಬದಲಾಗುತ್ತ ಹೋಗುವುದರಿಂದ ಮಣ್ಣಹಲಗೆ ಅವರ ಸೂತ್ರ ಅಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ರಮವಾಗಿ ಓದಬೇಕು, ಹಿಂದುಮುಂದು ಮಾಡಬಾರದು.

7:12ರಲ್ಲಿ ಯೋಬ ದೇವರನ್ನು ಕೇಳುತ್ತಾನೆ: "ನನಗೆ ಕಾವಲಿಡಲು ನಾನೇನು ಕಡಲೋ, ತನ್ನೀನೋ?" ಇಲ್ಲಿ ಯೋಬನೇ ಯಾಮ್‌ನ ಜಾಗದಲ್ಲಿ ನಿಂತಿದ್ದಾನೆ, ದೇವರ ಬಲ ಅವನ ಮೇಲೆ ಬಿದ್ದಿದೆ. 26:12-13ರಲ್ಲಿ "ಅವನು": ಬಲದಿಂದ ಕಡಲನ್ನು ಅಡಗಿಸಿದ, ವಿವೇಕದಿಂದ ರಹಾಬನ್ನು ಹೊಡೆದ, ಅವನ ಕೈ ಓಡುವ ಸರ್ಪವನ್ನು ಇರಿಯಿತು. ಅದು ಉಗಾರಿತ್‌ನ ಅದೇ "ಬಾರಿಯಹ್" ಸರ್ಪ. ಮರುವಚನ ನೋಡಿ: ಇವೆಲ್ಲ ಅವನ ದಾರಿಯ ಅಂಚುಗಳು ಮಾತ್ರ, ನಾವು ಕೇಳಿದ್ದು ಒಂದು ಪಿಸುಮಾತು.

38:8-11ರಲ್ಲಿ ಕೊನೆಗೂ ದೇವರೇ "ನಾನು" ಎಂದು ಮಾತಾಡುತ್ತಾನೆ. ಅಲ್ಲಿ ಕಾಳಗ ಪೂರ್ತಿ ಮಾಯ. ಕಡಲು ಗರ್ಭದಿಂದ ನುಗ್ಗಿ ಹೊರಬರುತ್ತದೆ; ದೇವರು ಅದಕ್ಕೆ ಮೋಡವನ್ನು ಉಡಿಸಿ, ಕಾರ್ಗತ್ತಲನ್ನು ಎಳೆಗೂಸಿಗೆ ಸುತ್ತುವ ಬಟ್ಟೆಯಂತೆ ಸುತ್ತುತ್ತಾನೆ. ಆಮೇಲೆ ಬಾಗಿಲು, ಅಗುಳಿ. "ಇಲ್ಲಿಯ ತನಕ ಬಾ, ಮುಂದೆ ಬರಬೇಡ." ಸೂಲಗಿತ್ತಿ ಮಾಡುವ ಕೆಲಸವನ್ನೂ ಕೋಟೆ ಕಾಯುವವನ ಕೆಲಸವನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಾನೆ. ಹೀಬ್ರೂ ಕಾವ್ಯದಲ್ಲಿ ಕಡಲಿನ ಬಗ್ಗೆ ಇದಕ್ಕಿಂತ ಧೈರ್ಯದ ನಾಲ್ಕು ವಚನಗಳಿಲ್ಲ ಎಂದೇ ನನ್ನ ಅನಿಸಿಕೆ. 7:12ರ "ಕಾವಲು" ಎಂಬ ದೂರಿಗೆ ಇದು ಉತ್ತರ. ಕಾವಲು ನಿಜ, ಆದರೆ ಮೊದಲು ಬಟ್ಟೆ ಸುತ್ತಿದ ಕೈಯೇ ಆಮೇಲೆ ಬಾಗಿಲು ಹಾಕಿದ್ದು.

ಪದಸಾಲು
ಯೋಬ 41ರ ಲಿವ್ಯಾತಾನ ಮೊಸಳೆ ಎನ್ನುತ್ತಾರಲ್ಲ? ಹಾಗಿದ್ದರೆ ಅದನ್ನು ಈ ಸಾಲಿಗೆ ಸೇರಿಸುವುದು ಸರಿಯೇ?

ಶಾಸನಪ್ರಿಯ
ಮೊಸಳೆಯ ವಾದ 17ನೇ ಶತಮಾನದಿಂದ ಇದೆ. ಹುರುಪೆ, ಹಲ್ಲು, ಕೆಸರಿನ ಮೇಲೆ ಹೊಟ್ಟೆ ಎಳೆದ ಗುರುತು (41:30) ಅದಕ್ಕೆ ಒಗ್ಗುತ್ತವೆ. 41:18-21ರ ಬಾಯಿಂದ ಹೊರಡುವ ಪಂಜು, ಮೂಗಿನಿಂದ ಹೊಗೆ, ಉಸಿರಿಗೆ ಹೊತ್ತಿಕೊಳ್ಳುವ ಕೆಂಡ ಒಗ್ಗುವುದಿಲ್ಲ. ಕವಿ ಕಂಡ ಪ್ರಾಣಿಯ ಮೈಗೆ ಕೇಳಿದ ಸರ್ಪದ ಬೆಂಕಿ ಕೊಟ್ಟಿದ್ದಾನೆ ಎಂದು ಓದುವುದು ಸರಿಯಾದೀತು. ಗಮನಿಸಬೇಕಾದ್ದು, ಇಡೀ ಅಧ್ಯಾಯದಲ್ಲಿ ದೇವರು ಅದನ್ನು ಕೊಲ್ಲುವುದಿಲ್ಲ. "ನೀನು" ಇಲ್ಲಿ ಯೋಬ: ಗಾಳ ಹಾಕಿ ಎಳೆಯಬಲ್ಲೆಯಾ, ಮೂಗುದಾರ ಹಾಕಬಲ್ಲೆಯಾ?

ಉಲ್ಲೇಖ ಹುಡುಕುವಾಗ ಸಂಖ್ಯೆಯ ತೊಡಕು. ಕನ್ನಡ ಬೈಬಲಿನ ಯೋಬ 41:1 ಹೀಬ್ರೂವಿನಲ್ಲಿ 40:25. ಅಲ್ಲಿಂದ ಮುಂದೆ ಕನ್ನಡದ 41:9 ಹೀಬ್ರೂವಿನ 41:1. ಕೀರ್ತನೆ 46, 89, 92ರಲ್ಲಿ ಶಿರೋನಾಮೆಯೇ ಹೀಬ್ರೂವಿನ ಮೊದಲ ವಚನವಾದ್ದರಿಂದ ಒಂದು ಕೂಡಿಸಿಕೊಳ್ಳಿ. 29, 74, 93, 104ಕ್ಕೆ ಏನೂ ಕೂಡಿಸಬೇಕಿಲ್ಲ.

ಹಬಕ್ಕೂಕ 3ನ್ನು ಹೊಸಬರು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. 8ರಲ್ಲಿ "ನದಿಗಳ ಮೇಲೆ ಕೋಪವೋ, ಕಡಲಿನ ಮೇಲೆ ರೌದ್ರವೋ" ಎಂಬ ಪ್ರಶ್ನೆ, 15ರಲ್ಲಿ ಕುದುರೆಗಳಿಂದ ಕಡಲನ್ನು ತುಳಿಯುವುದು ಎರಡೂ ಸ್ಪಷ್ಟ. ನಡುವೆ 9ರಲ್ಲಿ "ಶೆವುಓತ್ ಮಟ್ಟೋತ್ ಓಮೆರ್" ಎಂಬ ಮೂರು ಪದಗಳಿವೆ. ಒಂದೊಂದೂ ಪರಿಚಿತ: ಆಣೆಗಳು, ಕೋಲುಗಳು, ಮಾತು. ಕೂಡಿಸಿದರೆ ಅರ್ಥವಾಗದು. ಯಾವ ಅನುವಾದ ಅಲ್ಲಿ ಸರಾಗವಾಗಿ ಓದಿಸಿಕೊಂಡರೂ ಅದು ಅನುವಾದಕರ ಊಹೆ, ಅದರ ಮೇಲೆ ವಾದ ಕಟ್ಟಬೇಡಿ.

ಪದಸಾಲು
ಮೂಗುದಾರ ಎಂದಾಗ ಯೋಬ 41:5 ನೋಡಿದೆ: "ಹಕ್ಕಿಯೊಡನೆ ಆಡುವಂತೆ ಅದರೊಡನೆ ಆಡಬಲ್ಲೆಯಾ?" ಹೀಬ್ರೂವಿನಲ್ಲಿ ಅದು 104:26ರ ಕ್ರಿಯಾಪದವೇ?

ಮಣ್ಣಹಲಗೆ
ಅದೇ ಕ್ರಿಯಾಪದ, ಅದೇ "ಬೋ" ಎಂಬ ಪ್ರತ್ಯಯದೊಂದಿಗೆ. "ಬೋ" ಎಂದರೆ "ಅದರಲ್ಲಿ" ಎಂದೂ ಆಗುತ್ತದೆ, "ಅದರೊಡನೆ" ಎಂದೂ ಆಗುತ್ತದೆ. ಯೋಬನಲ್ಲಿ "ಅದರೊಡನೆ" ಎಂದೇ ಓದಬೇಕು. ಹಾಗಾದರೆ 104:26ನ್ನೂ "ಅದರೊಡನೆ ಆಡಲೆಂದು ನೀನು ರೂಪಿಸಿದ ಲಿವ್ಯಾತಾನ" ಎಂದು ಓದಲು ದಾರಿ ಇದೆ. ತಾಲ್ಮೂದ್ ಎಂಬ ಯೆಹೂದಿ ಗ್ರಂಥದ ಪಂಡಿತರು ಹಾಗೇ ಓದಿದರು. ದಿನದ ಕೊನೆಯ ಮೂರು ತಾಸು ದೇವರು ಲಿವ್ಯಾತಾನನೊಡನೆ ಆಡುತ್ತಾನೆ ಎಂದು ಅದರ ಅವೋದಾ ಜಾರಾ ಭಾಗದ 3ಬ ಪುಟದಲ್ಲಿ ಈ ವಚನವನ್ನೇ ಎತ್ತಿ ಹೇಳಿದ್ದಾರೆ. ಯೋಬನಿಂದ ಆಗದ್ದು ದೇವರಿಗೆ ಆಟ.

ನಿಮ್ಮ ಪ್ರಶ್ನೆಗೆ ಇನ್ನೊಂದು ಅಂಶ 104ರ ಕೊನೆಯ ವಚನದಲ್ಲಿದೆ. ಇಡೀ ಕವಿತೆಯಲ್ಲಿ ಇಲ್ಲವಾಗಲಿ ಎಂದು ಕವಿ ಕೇಳುವುದು ಒಂದನ್ನೇ: "ಪಾಪಿಗಳು ಭೂಮಿಯಿಂದ ಮುಗಿದುಹೋಗಲಿ" (35). ಕಡಲಿಗೆ ಮೇರೆ ಇದೆ, ಲಿವ್ಯಾತಾನನಿಗೆ ಜಾಗ ಇದೆ, ಸಿಂಹಕ್ಕೂ ರಾತ್ರಿಯ ಪಾಳಿ ಇದೆ. ಲೆಕ್ಕಕ್ಕೆ ಸಿಗದೆ ಉಳಿದದ್ದು ಮನುಷ್ಯರ ದುಷ್ಟತನ. 74ರಲ್ಲಿ ಕೊಡಲಿ ಹಿಡಿದು ಬಂದವರೂ ಮನುಷ್ಯರೇ. ಎರಡು ಕವಿತೆಗಳು ಪ್ರಾಣಿಯ ವಿಚಾರದಲ್ಲಿ ಬೇರೆಯಾಗಿ ಹೇಳುತ್ತಿದ್ದರೂ ಭಯ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ಒಂದೇ ಕಡೆ ನೋಡುತ್ತಿವೆ.

ತೆರೆಸದ್ದು
ಕೊನೆಯದಾಗಿ ಒಂದು. ಮೇರೆ ಮುರಿಯುವುದೇ ಇಲ್ಲವೇ? ಯೆರೆಮೀಯ 5:22ರಲ್ಲಿ ಮರಳೇ ಕಡಲಿಗೆ ನಿತ್ಯನಿಯಮದ ಮೇರೆ ಎನ್ನುತ್ತಾನೆ. ಅದು ಮುರಿದಂತೆ ಬರೆದ ಕವಿತೆ ಇದೆಯೇ?

ಹಳೆಪುಟ
ಅದೇ ಯೆರೆಮೀಯ, ಒಂದು ಅಧ್ಯಾಯ ಹಿಂದೆ. 4:23-26ರಲ್ಲಿ "ರಾಈತಿ", ನಾನು ನೋಡಿದೆ, ನಾಲ್ಕು ಸಲ. ಭೂಮಿಯನ್ನು ನೋಡಿದೆ, "ತೋಹು ವಾವೋಹು", ಅಂದರೆ ಪಾಳು, ಬರಿದು, ಆಕಾಶದಲ್ಲಿ ಬೆಳಕಿಲ್ಲ. ಬೆಟ್ಟಗಳು ನಡುಗುತ್ತಿವೆ, ಮನುಷ್ಯನಿಲ್ಲ, ಹಕ್ಕಿಗಳು ಹಾರಿಹೋಗಿವೆ, ತೋಟದಂಥ ನೆಲ ಕಾಡಾಗಿದೆ. ಆದಿಕಾಂಡ 1:2ರ ಪದಜೋಡಿಯಿಂದ ಹೊರಟು ಸೃಷ್ಟಿಯನ್ನು ಹಿಂದಕ್ಕೆ ಬಿಚ್ಚುತ್ತ ಹೋಗಿದ್ದಾನೆ. ಆದರೆ ಅಲ್ಲೂ ಕಡಲು ನುಗ್ಗಿ ಬಂದಿಲ್ಲ. ಬಿಚ್ಚಿದ್ದು ಯೆಹೋವನ ಕೋಪ, ಕಾರಣ ಊರಿನವರ ನಡತೆ.

ಕೀರ್ತನೆ 46ನ್ನು ಇದರ ಪಕ್ಕದಲ್ಲಿ ಓದಿ. 2-3ರಲ್ಲಿ ಬೆಟ್ಟಗಳು ಕಡಲಿನ ಒಡಲಿಗೆ ಕುಸಿಯುತ್ತವೆ, ನೀರು ಮೊರೆಯುತ್ತದೆ. 6ರಲ್ಲಿ ಜನಾಂಗಗಳು ಮೊರೆಯುತ್ತವೆ, ರಾಜ್ಯಗಳು ಕುಸಿಯುತ್ತವೆ. ಹೀಬ್ರೂವಿನಲ್ಲಿ ನೀರಿಗೂ ಜನಾಂಗಗಳಿಗೂ "ಹಾಮಾ" ಎಂಬ ಒಂದೇ ಕ್ರಿಯಾಪದ, ಬೆಟ್ಟಗಳಿಗೂ ರಾಜ್ಯಗಳಿಗೂ "ಮೋತ್" ಎಂಬ ಒಂದೇ ಕ್ರಿಯಾಪದ. ನಡುವೆ 5ರಲ್ಲಿ ಪಟ್ಟಣ "ಕುಸಿಯದು" ಎನ್ನುವಾಗಲೂ ಅದೇ "ಮೋತ್". ಯೆಶಾಯ 17:12-13 ಈ ಎರಡನ್ನೂ ಬಿಡಿಸಿ ಹೇಳುತ್ತದೆ: ಬಹುಜನಗಳ ಮೊರೆತ ಬಹುಜಲಗಳ ಮೊರೆತದಂತೆ, ಅವನು ಗದರುತ್ತಾನೆ, ಅವು ದೂರ ಓಡುತ್ತವೆ. ಆ ಗದರಿಕೆಯ ಧಾತು 104:7ರದ್ದೇ. ಈ ನಾಲ್ಕನ್ನು ಓದುವಾಗ 46:2-6, ಆಮೇಲೆ ಯೆಶಾಯ 17, ಆಮೇಲೆ 104:5-9, ಕೊನೆಗೆ ಯೆರೆಮೀಯ 4 ಎಂಬ ಕ್ರಮ ಇಟ್ಟುಕೊಂಡರೆ ಕ್ರಿಯಾಪದಗಳು ತಾವಾಗಿ ಕಣ್ಣಿಗೆ ಬೀಳುತ್ತವೆ.